ಹಳೆಯ ಜೀಪಿನ ಚಾಸಿಗೆ ಯಾವ ಲೇಪನ?

ಪ್ರಶ್ನೆ: ತಂದೆಯವರ ಕಾಲದ ಜೀಪನ್ನು ಪೂರ್ತಿ ಬಿಚ್ಚಿಸಿದ್ದೇನೆ. ಚಾಸಿಗೆ, ಅಂದರೆ ಗಾಡಿಯ ಅಡಿಯ ಕಬ್ಬಿಣದ ಚೌಕಟ್ಟಿಗೆ, ಪೌಡರ್ ಕೋಟಿಂಗ್ ಮಾಡಿಸುವುದು ಒಳ್ಳೆಯದೇ, ಬಣ್ಣ ಹೊಡೆಸುವುದೇ?
– ಓದುಗರೊಬ್ಬರು, ಚಿತ್ರದುರ್ಗ

ಉತ್ತರ: ತೋಟ, ಕಲ್ಲುದಾರಿಗಳಲ್ಲಿ ಓಡಿಸುವ ಗಾಡಿಯಾದರೆ ಬಣ್ಣವೇ ಮೇಲು. ಬಣ್ಣದ ಪುಡಿ ಸಿಂಪಡಿಸಿ ಸುಮಾರು 200 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಬೇಯಿಸುವ ಪೌಡರ್ ಕೋಟಿಂಗ್ ನೋಡಲು ಅಂದವಾದರೂ, ಕಲ್ಲು ಬಡಿದು ಒಮ್ಮೆ ಸೀಳಿದರೆ ನೀರು ಒಳಸೇರಿ, ಮೇಲ್ಪದರ ಕಪ್ಪಗೆ ಹೊಳೆಯುತ್ತಿರುವಾಗಲೇ ಅಡಿಯಲ್ಲಿ ತುಕ್ಕು ಹರಡುತ್ತದೆ. ಆ ಜಾಗವನ್ನಷ್ಟೇ ಮನೆಯಂಗಳದಲ್ಲಿ ಸರಿಪಡಿಸುವುದೂ ಕಷ್ಟ. ಸುಮಾರು 450 ಡಿಗ್ರಿಯ ಕರಗಿದ ಸತುವಿನಲ್ಲಿ ಅದ್ದುವ ಗ್ಯಾಲ್ವನೈಸಿಂಗ್ ದೀರ್ಘಕಾಲ ಬಾಳುತ್ತದೆ, ಆದರೆ ತೆಳುವಾದ ಹಳೆಯ ಚಾಸಿ ಸೊಟ್ಟಗಾಗುವ ಅಪಾಯವಿದೆ.

ರಭಸದಿಂದ ಮರಳು ಚಿಮ್ಮಿಸಿ ತುಕ್ಕು, ಹಳೆಯ ಬಣ್ಣ ತೆಗೆಯುವ ಸ್ಯಾಂಡ್ ಬ್ಲಾಸ್ಟಿಂಗ್‌ಗೆ ಮುನ್ನ ಬಿರುಕುಗಳಿಗೆ ವೆಲ್ಡಿಂಗ್ ಮಾಡಿಸಿ. ಬ್ಲಾಸ್ಟಿಂಗ್ ಆದ ಬರಿಯ ಕಬ್ಬಿಣವನ್ನು ಬರಿಗೈಯಲ್ಲಿ ಮುಟ್ಟದೆ, ಅದೇ ದಿನ ಬಣ್ಣದ ಅಡಿಪದರವಾದ ಎಪಾಕ್ಸಿ ಪ್ರೈಮರ್ ಹೊಡೆಸಿ, ಡಬ್ಬಿಯ ಮೇಲೆ ಹೇಳಿದ ಅವಧಿಯೊಳಗೆ ಎರಡು ಕೋಟ್ ಚಾಸಿ ಬ್ಲ್ಯಾಕ್ (ಚಾಸಿಗೆ ಹೊಡೆಯುವ ಕಪ್ಪು ಬಣ್ಣ) ಕೊಡಿಸಿ. ನಮ್ಮ ಪೇಂಟರುಗಳು ಸಾಮಾನ್ಯವಾಗಿ ಹೊರಮೈಯಲ್ಲೇ ಕೈತೊಳೆದುಕೊಳ್ಳುತ್ತಾರೆ. ತುಕ್ಕು ಹುಟ್ಟುವುದು ಮಾತ್ರ ಪಟ್ಟಿಗಳು ಒಂದರ ಮೇಲೊಂದು ಕೂತಿರುವ, ಮಳೆಗಾಲದ ಕೆಸರು ಒಣಗಿ ಗಟ್ಟಿಯಾಗುವ ಸಂದುಗಳಲ್ಲಿ. ಅಲ್ಲಿಗೆ ಉದ್ದ ನಳಿಕೆಯಿಂದ ಕ್ಯಾವಿಟಿ ವ್ಯಾಕ್ಸ್ (ಸಂದುಗಳಲ್ಲಿ ತುಕ್ಕು ತಡೆಯುವ ಮೇಣ) ಹಾಯಿಸಿ, ನೀರಿಳಿಯುವ ತೂತುಗಳನ್ನು ತೆರೆದಿಡಿಸಿ. ಚಾಸಿ ನಂಬರಿನ ಮೇಲೆ ಬ್ಲಾಸ್ಟಿಂಗ್ ಬೇಡ, ದಪ್ಪ ಬಣ್ಣವೂ ಬೇಡ. ಎಫ್‌ಸಿಗೆ, ಅಂದರೆ ಗಾಡಿ ಓಡಿಸಲು ಯೋಗ್ಯವೇ ಎಂಬ ತಪಾಸಣೆಗೆ, ಹೋದಾಗ ಆರ್‌ಟಿಒ ಕಚೇರಿಯಲ್ಲಿ ಅದು ಸ್ಪಷ್ಟವಾಗಿ ಕಾಣಬೇಕು.