ಚೆಕ್‌ರೋಲ್‌ನಲ್ಲಿ ಓದಿನ ಹಾಜರಿ

ಈ ಸಲ ಬಂದ ಕಾಗದಗಳಲ್ಲಿ ನಾಲ್ಕು ಒಂದೇ ವಿಷಯದವು. ಓದಿದ್ದರ ಲೆಕ್ಕ ಇಡುವುದು, ಅದರ ಬಗ್ಗೆ ನಾಲ್ಕು ಸಾಲು ಬರೆಯುವುದು. ಇಲ್ಲಿ ಮೂರು ದಿನದಿಂದ ಮಳೆ ಬಿಟ್ಟಿಲ್ಲ, ಕರೆಂಟ್ ಬೆಳಿಗ್ಗೆಯೇ ಹೋಗಿದೆ. ತೋಟಕ್ಕೆ ಇಳಿಯುವ ಹಾಗಿಲ್ಲ. ಸರಿ, ನಾಲ್ಕಕ್ಕೂ ಒಟ್ಟಿಗೆ ಉತ್ತರ ಬರೆಯೋಣ ಅಂತ ಕೂತಿದ್ದೇನೆ.

ಪ್ರಶ್ನೆ: ಅಕ್ಕಾ, ಜನವರಿ ಒಂದಕ್ಕೆ ಗುಡ್‌ರೀಡ್ಸ್ ಅನ್ನೋ ಓದಿನ ಲೆಕ್ಕದ ಆ್ಯಪ್‌ನಲ್ಲಿ ವರ್ಷಕ್ಕೆ 52 ಪುಸ್ತಕ ಅಂತ ಗುರಿ ಹಾಕಿದೆ. ವಾರಕ್ಕೊಂದು ತಾನೇ ಅಂದುಕೊಂಡೆ. ಈಗ ಜುಲೈ ಮಧ್ಯ, ಆಗಿರುವುದು 11. ತೆರೆದಾಗಲೆಲ್ಲ 17 ಪುಸ್ತಕ ಹಿಂದಿದ್ದೀರಿ ಅನ್ನುತ್ತದೆ. ಒಂದು ತಿಂಗಳಿಂದ ತೆಳು ಪುಸ್ತಕಗಳನ್ನೇ ಹುಡುಕಿ ಓದುತ್ತಿದ್ದೇನೆ, ಸಂಖ್ಯೆ ಏರಲಿ ಅಂತ. ನನಗೇ ನಾಚಿಕೆ ಆಗ್ತಿದೆ. ಲೆಕ್ಕ ಇಡೋದನ್ನೇ ಬಿಟ್ಟುಬಿಡಲಾ?
– ಓದುಗಿ, ಸುಂಟಿಕೊಪ್ಪ

ಉತ್ತರ: ಲೆಕ್ಕ ಬಿಡಬೇಡ ತಂಗಿ. ಆ 52ನ್ನು ಬಿಡು.

ವಾರಕ್ಕೊಂದು ಅನ್ನುವುದು ಎಲ್ಲ ವಾರವೂ ಒಂದೇ ಥರ ಇರುವವರ ಲೆಕ್ಕ. ನಮಗೆ ಎಲ್ಲಿದೆ ಅಂಥ ವಾರ? ಡಿಸೆಂಬರ್‌ನಲ್ಲಿ ಅರೇಬಿಕಾ ಕಾಫಿ ಕೊಯ್ಲು, ಅದು ಮುಗಿಯುವಷ್ಟರಲ್ಲಿ ರೋಬಸ್ಟಾ ಹಣ್ಣಾಗಿ ಕೂತಿರುತ್ತದೆ. ಹಗಲು ಕಣದಲ್ಲಿ ಹರವಬೇಕು, ಸಂಜೆ ಗುಡ್ಡೆ ಮಾಡಿ ಟಾರ್ಪಾಲ್ ಮುಚ್ಚಬೇಕು. ರಾತ್ರಿ ಪುಸ್ತಕ ಹಿಡಿದರೆ ಎರಡನೇ ಪುಟಕ್ಕೆ ಅದು ಮೂಗಿನ ಮೇಲೆ ಬೀಳುತ್ತದೆ. ಮಾರ್ಚ್‌ನಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಬರುತ್ತೋ ಇಲ್ವೋ ಅಂತ ಆಕಾಶ ನೋಡುವುದೇ ಕೆಲಸ. ಕೊಡಗಿನವರಿಗೆ ಓದುವ ಕಾಲ ಅಂದರೆ ಮಳೆಗಾಲ. ಜೂನ್‌ನಿಂದ ಸೆಪ್ಟೆಂಬರ್‌ನ ಕೈಲ್ ಮುಹೂರ್ತ ಹಬ್ಬದವರೆಗೆ. ನೀನು ಈಗ ಅದರ ನಡುವೆ ನಿಂತು ಹಿಂದೆ ಬಿದ್ದೆ ಅಂತ ಅಳುತ್ತಿದ್ದೀಯ.

ನನ್ನ ಲೆಕ್ಕ ಹೇಗಿದೆ ಹೇಳ್ತೀನಿ. 1997ರಲ್ಲಿ ತೋಟಕ್ಕೆ ಅಂತ ಎರಡು ಚೆಕ್‌ರೋಲ್, ಅಂದರೆ ಕೆಲಸದವರ ಹಾಜರಿ ಪುಸ್ತಕ, ತಂದಿದ್ದೆ. ನೀನು ನೋಡಿರುತ್ತೀಯ. ಎಡಗಡೆ ಕೆಲಸದವರ ಹೆಸರು, ಅಡ್ಡಕ್ಕೆ 1ರಿಂದ 31ರವರೆಗೆ ಮನೆಗಳು. ಬಂದ ದಿನಕ್ಕೆ ಗೀಟು, ಅರ್ಧ ದಿನಕ್ಕೆ ಅರ್ಧ ಗೀಟು, ಬಾರದಿದ್ದರೆ ಸೊನ್ನೆ. ನಮ್ಮ ತೋಟ ಎಷ್ಟು ಅಂತ ಎರಡು ಪುಸ್ತಕ ಬೇಕು? ಒಂದು ಹಾಗೇ ಉಳಿಯಿತು. ಅದರಲ್ಲಿ ಕೆಲಸದವರ ಹೆಸರಿನ ಜಾಗಕ್ಕೆ ಪುಸ್ತಕದ ಹೆಸರು ಬರೆದೆ. ಇಪ್ಪತ್ತು ಪುಟಕ್ಕಿಂತ ಜಾಸ್ತಿ ಓದಿದ ದಿನ ಗೀಟು, ಕಡಿಮೆಯಾದರೆ ಅರ್ಧ ಗೀಟು. ಕೆಳಗಿನ ಕೊನೆ ಸಾಲಿನಲ್ಲಿ ಅವತ್ತಿನ ಮಳೆ, ಇಂಚು ಸೆಂಟುಗಳಲ್ಲಿ (ಸೆಂಟು ಅಂದರೆ ಇಂಚಿನ ನೂರನೇ ಒಂದು ಭಾಗ). ಅದು ಹೇಗೂ ದಿನಾ ಬರೆಯಲೇಬೇಕಲ್ಲ. ಮಳೆ ಅಳೆಯೋಕೆ ಎದ್ದ ಕೈ ಓದಿನ ಗೀಟನ್ನೂ ಹಾಕುತ್ತದೆ. ಇಷ್ಟು ವರ್ಷ ಇದು ನಿಂತಿಲ್ಲ ಅಂದರೆ ಕಾರಣ ಶಿಸ್ತಲ್ಲ, ಮಳೆ.

ಹೋದ ವರ್ಷ ಒಟ್ಟು 23 ಪುಸ್ತಕ. ಜನವರಿಯಲ್ಲಿ ಸೊನ್ನೆ, ಫೆಬ್ರವರಿಯಲ್ಲಿ 1, ಜುಲೈ ಒಂದರಲ್ಲೇ 6.

ಆದರೆ ಆ 23ಕ್ಕಿಂತ ನನಗೆ ಹೆಚ್ಚು ಹೇಳುವುದು ಗೀಟು ನಿಂತ ಜಾಗ. 2018ರ ಆಗಸ್ಟ್ ಹಾಳೆ ತೆಗೆದರೆ 14ನೇ ತಾರೀಖಿನವರೆಗೆ ಗೀಟುಗಳಿವೆ, ಆಮೇಲೆ ಖಾಲಿ. ಗುಡ್ಡ ಜಾರಿದ ವಾರ ಅದು. ಮನೆಯಲ್ಲಿ ಹನ್ನೊಂದು ಜನ ನೆಂಟರು ಬಂದು ಉಳಿದಿದ್ದರು. ಮಳೆಯ ಸಾಲಿನಲ್ಲಿ ಅಂಕಿ ಕೂಡ ಇಲ್ಲ, ‘ಬಾಟ್ಲಿ ತುಂಬಿ ಚೆಲ್ಲಿದೆ’ ಅಂತಷ್ಟೇ ಬರೆದಿದ್ದೇನೆ. ಆಗ ಓದುತ್ತಿದ್ದ ಕಾದಂಬರಿಯ 143ನೇ ಪುಟದಲ್ಲಿ ಗುರುತಿಗೆ ಇಟ್ಟ ಬಸ್ ಟಿಕೆಟ್ ಇನ್ನೂ ಹಾಗೇ ಇದೆ. ಮತ್ತೆ ಕೈಗೆತ್ತಿಕೊಂಡಿಲ್ಲ. ಇದನ್ನು ಹಿಂದೆ ಬಿದ್ದಿದ್ದು ಅಂತ ಯಾರಾದರೂ ಅಂದರೆ ನಾನಂತೂ ಒಪ್ಪಲ್ಲ.

ಇನ್ನು ತೆಳು ಪುಸ್ತಕದ ನಾಚಿಕೆ. 1967ರಲ್ಲಿ ಬಂದ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ನಿನ್ನ ಆ್ಯಪ್‌ಗೆ ಒಂದು ಪುಸ್ತಕ. ಕೊಡಗಿನ ಗೌರಮ್ಮನವರ ‘ಕಂಬನಿ’ಯೂ ಒಂದೇ. ಗೌರಮ್ಮ ಮಡಿಕೇರಿಯಲ್ಲಿ ಹುಟ್ಟಿ ನಿಮ್ಮ ಸುಂಟಿಕೊಪ್ಪದ ಕಡೆಯೇ ಬಾಳಿದವರು. 1912ರಲ್ಲಿ ಹುಟ್ಟಿದ್ದು, 1939ರಲ್ಲಿ ನೀರುಪಾಲಾದದ್ದು. ಬರೀ 27 ವರ್ಷ. ನಮಗೆ ಉಳಿದಿರುವುದು ‘ಕಂಬನಿ’, ‘ಚಿಗುರು’ ಎರಡೇ ಕಥಾಸಂಕಲನ. ತೆಳುವಾಗಿದೆ, ಎರಡು ದಿನದಲ್ಲಿ ಮುಗಿಸೋಣ ಅಂತ ನಾನು ‘ಕಂಬನಿ’ ಹಿಡಿದೆ. ಚೆಕ್‌ರೋಲ್‌ನಲ್ಲಿ ನೋಡಿದರೆ ಹದಿನಾಲ್ಕು ದಿನ, ಎಲ್ಲವೂ ಅರ್ಧ ಗೀಟು. ಒಂದು ಕಥೆ ಆದ ಮೇಲೆ ಅವತ್ತು ಇನ್ನೊಂದಕ್ಕೆ ಹೋಗಲು ಮನಸ್ಸು ಬರುತ್ತಿರಲಿಲ್ಲ. ತೆಳು ಪುಸ್ತಕ ಓದು, ಧಾರಾಳವಾಗಿ ಓದು. ಸಂಖ್ಯೆಗೋಸ್ಕರ ಓಡಬೇಡ ಅಷ್ಟೆ.

ಆ್ಯಪ್ ಬೇಡ ಅನ್ನಲ್ಲ. ಗುಡ್‌ರೀಡ್ಸ್ 2013ರಿಂದ ಅಮೆಜಾನ್‌ನ ಕೈಯಲ್ಲಿದೆ, ಅಂಗಡಿಯವರಿಗೆ ಎಷ್ಟು ಪುಸ್ತಕ ಅನ್ನೋದೇ ಮುಖ್ಯ ಆಗೋದು ಸಹಜ ಅಲ್ವಾ? ಸ್ಟೋರಿಗ್ರಾಫ್ ಅಂತ ಇನ್ನೊಂದಿದೆ. ಅದರಲ್ಲಿ ಪುಟದ ಲೆಕ್ಕದಲ್ಲೂ ಗುರಿ ಹಾಕಬಹುದು, ಅರ್ಧಕ್ಕೆ ಬಿಟ್ಟ ಪುಸ್ತಕಕ್ಕೂ ಜಾಗ ಕೊಟ್ಟಿದ್ದಾರೆ. ಕಾಲು ನಕ್ಷತ್ರ ಕೊಡುವ ಸೌಕರ್ಯವೂ ಉಂಟು. ಕನ್ನಡ ಪುಸ್ತಕಗಳ ಕಥೆ ಮಾತ್ರ ಎಲ್ಲಿ ಹೋದರೂ ಕಷ್ಟವೇ. ಒಂದೇ ಪುಸ್ತಕ ಇಂಗ್ಲಿಷ್ ಅಕ್ಷರದಲ್ಲಿ ಎರಡು ಮೂರು ಥರ ಸಿಗುತ್ತದೆ, ಇಲ್ಲಾ ಸಿಗುವುದೇ ಇಲ್ಲ, ನಾವೇ ಸೇರಿಸಬೇಕು.

ನಿನ್ನ ಆ್ಯಪ್‌ನಲ್ಲಿ ಗುರಿಯನ್ನು ವರ್ಷದ ನಡುವೆಯೂ ಬದಲಾಯಿಸಬಹುದು. 52 ಅಳಿಸಿ 20 ಅಂತ ಹಾಕು. ಅದೇ 11 ಪುಸ್ತಕಕ್ಕೆ ಅದು ಈಗಲೇ ಬೈಯೋದು ನಿಲ್ಲಿಸುತ್ತದೆ.

ಪ್ರಶ್ನೆ: ನಾನು ನಿವೃತ್ತ ಗುಮಾಸ್ತ. ಓದಿದ ಪ್ರತಿ ಪುಸ್ತಕಕ್ಕೂ ಒಂದು ಪುಟ ವಿಮರ್ಶೆ ಬರೆಯಬೇಕು ಅಂತ ಆಸೆ. ಪೆನ್ನು ಹಿಡಿದರೆ ‘ಕಥೆ ಚೆನ್ನಾಗಿದೆ, ಎಲ್ಲರೂ ಓದಲೇಬೇಕು’ ಬಿಟ್ಟು ಬೇರೆ ಏನೂ ಹೊಳೆಯುವುದಿಲ್ಲ. ಏನು ಮಾಡಲಿ?
– ಓದುಗರು, ವಿರಾಜಪೇಟೆ

ಉತ್ತರ: ಮೊದಲು ನನ್ನದೇ ಒಂದು ಬರಹ ತೋರಿಸುತ್ತೇನೆ ಸರ್. 1998ರ ಹಾಳೆಯ ಹಿಂದೆ ಇದೆ: ‘ಉತ್ತಮ ಕಾದಂಬರಿ. ಭಾಷೆ ಸೊಗಸು. ಪಾತ್ರ ಚಿತ್ರಣ ಮನಮುಟ್ಟುವಂತಿದೆ.’ ಐದಕ್ಕೆ ಐದು ಅಂಕ ಬೇರೆ. ಆ ಪುಸ್ತಕ ಯಾವುದರ ಬಗ್ಗೆ ಅಂತ ದೇವರಾಣೆಗೂ ನೆನಪಿಲ್ಲ. ಅದರ ಕೆಳಗೇ ಇನ್ನೊಂದು ಪುಸ್ತಕಕ್ಕೆ ಬರೆದದ್ದು: ‘ಪುಟ 88. ಅತ್ತೆ ಬಾಗಿಲ ಹಿಂದೆ ನಿಂತು ಎಲ್ಲ ಕೇಳಿಸಿಕೊಂಡು, ಏನೂ ಕೇಳದವಳ ಹಾಗೆ ಕಾಫಿ ತಂದಿಡುತ್ತಾಳೆ. ಇಲ್ಲಿ ಹಾಲು ಉಕ್ಕಿತು.’ ಉಕ್ಕಿದ್ದು ನಮ್ಮ ಒಲೆಯ ಮೇಲಿನ ಹಾಲು. ಈ ಒಂದು ಸಾಲಿನಿಂದ ಇಡೀ ಕಾದಂಬರಿ, ಆ ಅತ್ತೆಯ ಸೆರಗಿನ ಸಮೇತ, ಕಣ್ಣ ಮುಂದೆ ಬರುತ್ತದೆ.

ಹಾಗಾಗಿ ಒಂದು ಪುಟ ಬೇಡ. ಪುಸ್ತಕ ಮುಚ್ಚಿದ ದಿನವೇ, ಕಥೆ ಏನು ಅಂತ ಹೇಳದೆ, ಎಲ್ಲಿ ನಿಂತಿರಿ ಅಂತ ಬರೆಯಿರಿ. ಓದುತ್ತಾ ಓದುತ್ತಾ ಎಲ್ಲೋ ಒಂದು ಕಡೆ ತಲೆ ಎತ್ತಿ ಕಿಟಕಿ ನೋಡಿರುತ್ತೀರಿ. ಎಲ್ಲೋ ಹಿಂದಿನ ಪುಟಕ್ಕೆ ಹೋಗಿರುತ್ತೀರಿ. ಎಲ್ಲೋ ರೇಗಿ ಹತ್ತು ಪುಟ ಹಾರಿಸಿರುತ್ತೀರಿ. ಪುಟದ ಸಂಖ್ಯೆ ಹಾಕಿ, ಯಾವ ಮುದ್ರಣ ಅನ್ನುವುದನ್ನೂ ಬರೆದಿಡಿ. ಮುದ್ರಣ ಬದಲಾದರೆ ಪುಟವೂ ಬದಲಾಗುತ್ತದೆ. ರೇಗಿದ್ದನ್ನು ಬರೆಯಲು ಹಿಂಜರಿಯಬೇಡಿ. ನಮ್ಮಲ್ಲಿ ಪುಸ್ತಕದ ಬಗ್ಗೆ ಬರೆಯುವುದು ಅಂದರೆ ಶಾಲು ಹೊದಿಸುವುದು ಅನ್ನುವ ಹಾಗಾಗಿದೆ.

ಅಂಕವನ್ನು ಮಾತ್ರ ಪೆನ್ಸಿಲ್‌ನಲ್ಲಿ ಹಾಕಿ. ಹುತ್ತರಿ ಹಬ್ಬ ಮುಗಿದು ಕೊಯ್ಲು ಬಿರುಸಾಗುವ ಮೊದಲು ನಾನೊಂದು ಸಂಜೆ ಇಡೀ ವರ್ಷದ ಹಾಳೆ ತಿರುವಿ ಅಂಕ ತಿದ್ದುತ್ತೇನೆ. ಹೋದ ಸಲ ಐದು ಅಂಕ ಕೊಟ್ಟಿದ್ದ ನಾಲ್ಕು ಪುಸ್ತಕಗಳಲ್ಲಿ ಎರಡರ ಅಂಕ ಮೂರಕ್ಕೆ ಇಳಿಯಿತು. ಎರಡು ಅಂಕ ಕೊಟ್ಟು ಬೈದಿದ್ದ ಒಂದು ಪುಸ್ತಕ ನಾಲ್ಕಕ್ಕೆ ಏರಿತು. ಬೈದದ್ದು ಹಾಗೇ ಇದೆ, ಅಳಿಸಿಲ್ಲ.

ಪೆನ್ಸಿಲ್ ಅಂದದ್ದಕ್ಕೆ ಇನ್ನೊಂದು ಕಾರಣವೂ ಇದೆ. ಮಳೆಗಾಲದ ತೇವಕ್ಕೆ ಜೆಲ್ ಪೆನ್ನಿನ ಶಾಯಿ ಹರಡಿ, ಹಾಳೆಗೆ ಬೂಷ್ಟು ಬಂದು, 2004ರ ಜುಲೈ ಪೂರ್ತಿ ನೀಲಿ ಕಲೆಯಾಗಿ ಕೂತಿದೆ. ಆ ತಿಂಗಳು ಏನೇನು ಓದಿದ್ದೆನೋ!

ಪ್ರಶ್ನೆ: ಹಾಡಿನ ಸಂಗ್ರಹ, ಕವನ, ನಿಘಂಟು ಇವನ್ನು ಮೊದಲಿಂದ ಕೊನೆವರೆಗೆ ಓದುವುದಿಲ್ಲವಲ್ಲ ಮೇಡಂ. ಇವುಗಳ ಲೆಕ್ಕ ಹೇಗೆ?
– ವಿದ್ಯಾರ್ಥಿನಿ, ಪೊನ್ನಂಪೇಟೆ

ಉತ್ತರ: ಅವಕ್ಕೆ ನಾನು ‘ಖಾಯಂ’ ಅಂತ ಬೇರೆ ಹಾಳೆ ಇಟ್ಟಿದ್ದೇನೆ. ಅಲ್ಲಿ ಮೊದಲ ಹೆಸರು ನಡಿಕೇರಿಯಂಡ ಚಿಣ್ಣಪ್ಪನವರ ‘ಪಟ್ಟೋಲೆ ಪಳಮೆ’. ಊರೂರು ಸುತ್ತಿ ಕೊಡವ ಹಾಡುಗಳನ್ನು ಕೂಡಿಸಿ, ಕನ್ನಡ ಲಿಪಿಯಲ್ಲಿ 1924ರಲ್ಲಿ ಅಚ್ಚು ಹಾಕಿಸಿದ ಪುಸ್ತಕ. ಅದನ್ನು ಓದಿ ಮುಗಿಸಿದೆ ಅಂತ ಹೇಳೋಕಾಗುತ್ತಾ? ಮದುವೆ ಮನೆಯಲ್ಲಿ ದುಡಿ ಬಡಿದು ಹಾಡಿದ್ದು ಕೇಳಿ ಬಂದ ರಾತ್ರಿ ತೆಗೆಯುತ್ತೇನೆ, ಆ ಹಾಡು ಸಿಕ್ಕರೆ ತಾರೀಖು ಹಾಕಿ ಯಾರ ಮನೆ ಮದುವೆ ಅಂತ ಬರೆಯುತ್ತೇನೆ. ಅಷ್ಟೇ. ಒಟ್ಟು ಸಂಖ್ಯೆಗೆ ಸೇರಿಸಲ್ಲ. ನಿಘಂಟಿಗೆ ಗೀಟು ಬೇಡಮ್ಮ, ಅದು ಅಡುಗೆಮನೆಯ ಉಪ್ಪಿನ ಡಬ್ಬಿ ಇದ್ದ ಹಾಗೆ.

ಪ್ರಶ್ನೆ: ಅರ್ಧಕ್ಕೆ ಬಿಟ್ಟ ಪುಸ್ತಕದ ವಿಮರ್ಶೆ ಬರೆಯಬಹುದಾ?
– ಓದುಗರು, ನಾಪೋಕ್ಲು

ಉತ್ತರ: ಬರೆಯಬಹುದು. ಎಷ್ಟನೇ ಪುಟಕ್ಕೆ ಬಿಟ್ಟಿರಿ ಅನ್ನುವುದು ಮೊದಲ ಸಾಲಿನಲ್ಲೇ ಇರಲಿ.