ಸ್ಟೆನ್ ಅಲ್ಲ, ಮಿಂಚು!

ಪ್ರಶ್ನೆ: 1944ರಲ್ಲಿ ಪೋಲೆಂಡಿನ ರಾಜಧಾನಿ ವಾರ್ಸಾದಲ್ಲಿ ಜರ್ಮನ್ನರ ವಿರುದ್ಧ ಎದ್ದ ದಂಗೆಯ ಕುರಿತ ಪೋಲಿಷ್ ಚಿತ್ರವೊಂದರಲ್ಲಿ ಹುಡುಗನ ಕೈಯಲ್ಲಿ ಸ್ಟೆನ್ ಗನ್ ಇತ್ತು. ಆದರೆ ಗುಂಡು ತುಂಬುವ ಮ್ಯಾಗಜಿನ್ ಪಕ್ಕಕ್ಕಲ್ಲ, ಕೆಳಕ್ಕೆ ಇಳಿದಿತ್ತು. ಚಿತ್ರತಂಡದ ತಪ್ಪೇ?

ಉತ್ತರ: ನಿಮ್ಮ ಕಣ್ಣು ಚುರುಕಾಗಿದೆ, ಆದರೆ ತೀರ್ಪು ಸ್ವಲ್ಪ ಅವಸರದ್ದು! ಬ್ರಿಟಿಷರ ಸ್ಟೆನ್‌ಗೆ ಮ್ಯಾಗಜಿನ್ ಎಡಗಡೆ ಚಾಚಿರುತ್ತದೆ, ನಿಜ. ನೀವು ಕಂಡದ್ದು ಬಹುಶಃ ‘ಬ್ವಿಸ್ಕವಿತ್ಸಾ’, ಅಂದರೆ ಮಿಂಚು. ಜರ್ಮನ್ನರ ಮೂಗಿನಡಿಯಲ್ಲೇ ವಾರ್ಸಾದ ಗುಪ್ತ ಕಾರ್ಯಾಗಾರಗಳಲ್ಲಿ ಹುಟ್ಟಿದ 9 ಮಿಲಿಮೀಟರಿನ ಸಬ್‌ಮಷೀನ್ ಗನ್. ಒಳಗಿನ ಯಂತ್ರ ಸ್ಟೆನ್‌ನಿಂದ ಕಲಿತದ್ದು. ಮ್ಯಾಗಜಿನ್ನಿನ ಜಾಗ, ಹೆಗಲಿಗೆ ಆನಿಸುವ ಮಡಚು ಹಿಡಿ ಜರ್ಮನ್ನರದೇ ಬಂದೂಕಿನಿಂದ. ಶತ್ರುವಿನಿಂದ ಎರವಲು ಪಡೆಯಲು ಸಂಕೋಚವೇಕೆ? ಬಿಡಿಭಾಗಗಳನ್ನು ಬೆಸುಗೆ ಹಾಕುವ ಬದಲು ಹೆಚ್ಚಾಗಿ ತಿರುಪುಗಳಿಂದಲೇ ಜೋಡಿಸುತ್ತಿದ್ದರು. ಸಣ್ಣ ಕಾರ್ಯಾಗಾರಕ್ಕೆ ಅದೇ ಸುಲಭ. ತಯಾರಾದದ್ದು ಸುಮಾರು 700 ಮಾತ್ರ. ಹಾಗಾಗಿ ಪರದೆಯ ಮೇಲೆ ಪ್ರತಿಯೊಬ್ಬ ಹೋರಾಟಗಾರನ ಹೆಗಲಿಗೂ ಅದು ತೂಗಿದರೆ ನಾನು ಗೊಣಗುತ್ತೇನೆ. 63 ದಿನಗಳ ಆ ಕಾಳಗದಲ್ಲಿ ಎಷ್ಟೋ ಮಂದಿಗೆ ಬಂದೂಕೇ ಇರಲಿಲ್ಲ.

ಮತ್ತೊಮ್ಮೆ ನೋಡುವಾಗ ಪೋಲೆಂಡಿನದೇ ಆದ ‘ವಿಸ್’ ಪಿಸ್ತೂಲು ಹತ್ತಿರದಿಂದ ಕಂಡರೆ ಚಿತ್ರವನ್ನು ನಿಲ್ಲಿಸಿ. ಯುದ್ಧಕ್ಕೆ ಮುನ್ನ ಪೋಲೆಂಡಿನ ರಾದೋಮ್ ಊರಿನ ಕಾರ್ಖಾನೆಯಲ್ಲಿ ತಯಾರಾದವುಗಳ ಮೇಲೆ ಪೋಲೆಂಡಿನ ಹದ್ದು ಕೊರೆದಿರುತ್ತದೆ. ಜರ್ಮನ್ನರು ಅದೇ ಪಿಸ್ತೂಲನ್ನು ತಮಗಾಗಿ ಮಾಡಿಸಿಕೊಂಡಾಗ ಹದ್ದು ಮಾಯವಾಯಿತು.