ಅಜ್ಜಿಯ ಹಳೇ ಪೆಡಲ್ ಹೊಲಿಗೆ ಮೆಷಿನ್ ಚಕ್ರ ತಿರುಗುತ್ತಿಲ್ಲ. ಗುಜರಿಗೆ ಕೊಡಲಾ, ಸರಿ ಮಾಡಿಸಲಾ?

ಕೊಡಬೇಡಿ. ಒಂದು ವಾರ ತಡೆಯಿರಿ, ಆಮೇಲೆ ಬೇಕಾದರೆ ಯೋಚನೆ ಮಾಡಿ.

ಹೊಸನಗರದ ಅಜ್ಜಿ ಮನೆಯ ಅಟ್ಟದಲ್ಲಿ 15 ವರ್ಷ ಸುಮ್ನೆ ಕೂತಿತ್ತು, ಚಕ್ರ ಅಲ್ಲಾಡುವುದಿಲ್ಲ, ಗುಜರಿಯವರು ಬಂದು ಬಂದು ಕೇಳುತ್ತಿದ್ದಾರೆ, ಅದನ್ನು ಕೊಟ್ಟು ಶಿವಮೊಗ್ಗದ ಮನೆಗೆ ಹೊಸ ಕರೆಂಟ್ ಮೆಷಿನ್ ತಗೊಳ್ಳಲಾ ಅಂತ ಕೇಳಿದ್ದೀರಿ. ಚಕ್ರ ಹಿಡಿದುಕೊಂಡಿದೆ ಅಂದ ಮಾತ್ರಕ್ಕೆ ಮೆಷಿನ್ ಕೆಟ್ಟಿದೆ ಅಂತ ಅಲ್ಲ. ಹೆಚ್ಚಾಗಿ ಹಳೇ ಎಣ್ಣೆ ಒಳಗೆ ಗಟ್ಟಿಯಾಗಿ ಅಂಟಿಕೊಂಡಿರುತ್ತದೆ. ನನ್ನದೂ ಹಾಗೇ ಆಗಿತ್ತು.

ನಾನು ತೀರ್ಥಹಳ್ಳಿ ಹತ್ತಿರದವಳು. ಹೊಲಿಯುವುದು ನಮ್ಮತ್ತೆಯವರ ಕಪ್ಪು ಉಷಾ ಮೆಷಿನ್‌ನಲ್ಲಿ. ಅವರು ಹೋದ ಮೇಲೆ ಅದು ಬಚ್ಚಲ ಒಲೆಯ ಮೇಲಿನ ಅಟ್ಟ ಸೇರಿತ್ತು. ನಮ್ಮ ಕಡೆಯ ಅಟ್ಟ ಗೊತ್ತಲ್ಲ, ಕೆಳಗಿನಿಂದ ಹೊಗೆ, ಮೇಲೆ ಹೆಂಚಿನ ಸಂದಿಯಿಂದ ಮಳೆಯ ಥಂಡಿ. ಇಳಿಸಿದಾಗ ಚಕ್ರ ಕಲ್ಲಿನ ಹಾಗೆ ನಿಂತಿತ್ತು. ರಿಪೇರಿಯವರೊಬ್ಬರನ್ನು ಕರೆಸಿದೆ. ಎರಡು ನಿಮಿಷ ನೋಡಿ, "ಒಳಗೆಲ್ಲ ಹೋಗಿದೆ ಅಕ್ಕಾ, ಐನೂರು ಕೊಡ್ತೀನಿ, ನಾನೇ ಹೊತ್ಕೊಂಡು ಹೋಗ್ತೀನಿ" ಅಂದರು. ನನಗೆ ಮನಸ್ಸು ಬರಲಿಲ್ಲ. ನನ್ನ ಮಗಳ ಮೊದಲ ಕುಲಾವಿಯನ್ನು ಅತ್ತೆ ಅದರಲ್ಲೇ ಹೊಲಿದಿದ್ದರು.

ಅವರನ್ನು ಕಳಿಸಿ ನಾನೇ ಕೂತೆ. ಮೊದಲು ಸೂಜಿ ಬಿಚ್ಚಿದೆ, ಕೆಳದಾರದ ಬಾಬಿನ್ ಕೂರುವ ಪುಟ್ಟ ಡಬ್ಬಿ, ಅಂದರೆ ಬಾಬಿನ್ ಕೇಸ್ ತೆಗೆದೆ. ಬೆಲ್ಟ್ ಕಳಚಿ ಮೆಷಿನ್ ತಲೆಯನ್ನು ಹಿಂದಕ್ಕೆ ಮಗುಚಿದೆ. ಅಡಿಭಾಗ ನೋಡಿದರೆ ಕಂದು ಬಣ್ಣದ ಜಿಡ್ಡು, ಹಲಸಿನ ಮೇಣ ಒಣಗಿದ ಹಾಗೆ. ಮೂಸಿದರೆ ಕಮಟು ವಾಸನೆ. ಯಾರೋ ಕೊಬ್ಬರಿ ಎಣ್ಣೆ ಬಿಟ್ಟಿದ್ದರು. ಹಳ್ಳಿಮನೆಗಳಲ್ಲಿ ಇದು ಜಾಸ್ತಿ. ಕೈಗೆ ಸಿಗುವ ಎಣ್ಣೆ ಅದೇ ಅಲ್ವಾ? ಆದರೆ ಕೊಬ್ಬರಿ, ಹರಳು, ಎಳ್ಳು, ಯಾವ ಅಡುಗೆ ಎಣ್ಣೆಯಾದರೂ ವರ್ಷ ಕಳೆದಂತೆ ಹಳಸಿ ಅಂಟಾಗುತ್ತದೆ. ಹೊಲಿಗೆ ಮೆಷಿನ್ ಎಣ್ಣೆ ನೀರಿನ ಹಾಗೆ ತೆಳ್ಳಗಿರುತ್ತದೆ, ಅಷ್ಟು ಬೇಗ ಅಂಟಾಗುವುದಿಲ್ಲ. ಚಿಕ್ಕ ಬಾಟಲಿಯಲ್ಲಿ ಸಿಗುತ್ತದೆ, ಬೆಲೆಯೂ ಕಡಿಮೆ.

ಕಬ್ಬಿಣಕ್ಕೆ ಕಬ್ಬಿಣ ಉಜ್ಜುವ ಪ್ರತಿ ಕೀಲಿಗೂ ಸಣ್ಣ ಬ್ರಷ್‌ನಿಂದ ಸೀಮೆಎಣ್ಣೆ ಮುಟ್ಟಿಸಿದೆ. ಮೇಲಿನ ಎಣ್ಣೆ ತೂತುಗಳಿಗೂ ಎರಡೆರಡು ಹನಿ ಬಿಟ್ಟೆ. ಜಗಲಿಯ ಬಿಸಿಲಿನಲ್ಲಿಟ್ಟೆ. ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ಹೀಗೇ. ಒಲೆ, ದೀಪ ಹತ್ತಿರ ಇರಬಾರದು, ಇದನ್ನು ಮರೆಯಬೇಡಿ. ಮೂರನೇ ದಿನ ಚಕ್ರ ಒಂದು ಕೂದಲಿನಷ್ಟು ಸರಿಯಿತು. ಹಿಂದೆ ಮುಂದೆ ಮೆಲ್ಲಗೆ ಆಡಿಸಿದೆ, ಜೋರು ಮಾಡಲಿಲ್ಲ. ಸ್ಪ್ಯಾನರ್ ಹಾಕಿ ತಿರುಗಿಸಲು ಮಾತ್ರ ಹೋಗಬೇಡಿ. ಗಟ್ಟಿ ಮೆಷಿನ್ ಮುರಿಯುವುದೇ ಅಲ್ಲಿ.

ಅರ್ಧ ಸುತ್ತು ಬಂದು ಮತ್ತೆ ನಿಂತಿತು. ಈ ಸಲ ತಡೆ ಬಾಬಿನ್ ಕೇಸ್ ಕೂರುವ ಶಟಲ್‌ನಲ್ಲಿತ್ತು. ನಮ್ಮ ಮೆಷಿನ್‌ನಲ್ಲಿ ಎರಡು ಕೊಂಡಿ ಸರಿಸಿದರೆ ಶಟಲ್ ಕೈಗೇ ಬರುತ್ತದೆ. ಅದರ ಹಿಂದಿನ ಸಂದಿನಲ್ಲಿ ದಾರ ಸುತ್ತಿಕೊಂಡು ಉಗುರಿನಷ್ಟು ಗಂಟಾಗಿತ್ತು. ಚಿಮಟದಲ್ಲಿ ಎಳೆಎಳೆಯಾಗಿ ಬಿಡಿಸಿದೆ. ಕಡು ನೀಲಿ ದಾರ. ನನ್ನ ಮಗಳ ಶಾಲೆಯ ಲಂಗದ ಬಣ್ಣ. ಅತ್ತೆ ಕೊನೆಗೆ ಹೊಲಿಯುತ್ತಿದ್ದದ್ದು ಅದೇ ಲಂಗ. ಒಳಗೆ ಹೋಗಿದ್ದದ್ದು ಅಷ್ಟೇ, ಒಂದು ಗೇಣು ದಾರ. ಅದನ್ನು ತೆಗೆದ ಮೇಲೆ ಚಕ್ರ ಬೆರಳಿನಲ್ಲಿ ತಳ್ಳಿದರೂ ತಿರುಗಿತು. ನಾನು ಅಲ್ಲೇ ನೆಲದ ಮೇಲೆ ಕೂತು ಅತ್ತುಬಿಟ್ಟೆ.

ಸೀಮೆಎಣ್ಣೆ ಜಿಡ್ಡು ಬಿಡಿಸುತ್ತದೆ, ಅದು ಮೆಷಿನ್‌ಗೆ ಎಣ್ಣೆಯಲ್ಲ. ಪೂರಾ ಒರೆಸಿ ಮೆಷಿನ್ ಎಣ್ಣೆ ಬಿಡಿ, ಹಳೇ ಬಟ್ಟೆಯ ಮೇಲೆ ಹತ್ತು ನಿಮಿಷ ಓಡಿಸಿ. ತಲೆಯ ಮೇಲಿನ ಬಂಗಾರದ ಬಣ್ಣದ ಚಿತ್ತಾರಕ್ಕೆ ಸೀಮೆಎಣ್ಣೆಯನ್ನಾಗಲಿ ಸ್ಪಿರಿಟ್ ಅನ್ನಾಗಲಿ ತಾಗಿಸಬೇಡಿ, ಎದ್ದು ಹೋಗುತ್ತದೆ. ಮೆತ್ತನೆ ಬಟ್ಟೆಗೆ ಮೆಷಿನ್ ಎಣ್ಣೆ ಹಚ್ಚಿ ಒರೆಸಿದರೆ ಸಾಕು.

ಚಕ್ರ ತಿರುಗಿದರೂ ಸೂಜಿ ಏಳದಿದ್ದರೆ ಗಾಬರಿ ಬೇಡ. ಮೆಷಿನ್ ತಲೆಯ ಚಕ್ರದ ನಡುವೆ ಕೈಯಲ್ಲೇ ತಿರುಗಿಸುವ ಒಂದು ಗುಂಡು ತಿರುಪು ಇರುತ್ತದೆ. ಬಾಬಿನ್‌ಗೆ ದಾರ ಸುತ್ತುವಾಗ ಸೂಜಿ ಓಡದಿರಲಿ ಅಂತ ಅದನ್ನು ಸಡಿಲ ಮಾಡುತ್ತಾರೆ. ಬಿಗಿ ಮಾಡಿ, ಸರಿಹೋಗುತ್ತದೆ.

ಆಮೇಲೆ ದಾರ ಕಡಿಯುವುದು, ಹೊಲಿಗೆ ಬಿಡುವುದು ಶುರುವಾಗುತ್ತದೆ. ಎಲ್ಲರೂ ಮೊದಲು ದಾರದ ಬಿಗಿ ಹೊಂದಿಸುವ ಟೆನ್ಷನ್ ತಿರುಪಿಗೆ ಕೈ ಹಾಕುತ್ತಾರೆ. ನೀವು ಮೊದಲು ಸೂಜಿ ಬದಲಿಸಿ. ಅಟ್ಟದಲ್ಲಿದ್ದ ಸೂಜಿಗೆ ತುಕ್ಕು ಹಿಡಿದಿರುತ್ತದೆ. ಬ್ಲೌಸ್, ಲಂಗಕ್ಕೆ 14ನೇ ನಂಬರ್, ಜೀನ್ಸ್‌ಗೆ 16 ಅಥವಾ 18. ಸೂಜಿಯ ಒಂದು ಬದಿಯಲ್ಲಿ ಉದ್ದ ಗೀರು ಇರುತ್ತದೆ, ದಾರ ಒಳಗೆ ಹೋಗಬೇಕಾದದ್ದು ಆ ಕಡೆಯಿಂದಲೇ. ಸೂಜಿಯನ್ನು ತಿರುವುಮುರುವು ಹಾಕಿದರೆ ಎಂಥ ಮೆಷಿನ್ ಆದರೂ ಹೊಲಿಯುವುದಿಲ್ಲ. ಇನ್ನು ಬಾಬಿನ್ ಕೇಸ್. ದಾರದ ತುದಿ ಹಿಡಿದು ಅದನ್ನು ನೇತಾಡಿಸಿ. ತಾನಾಗಿ ಸರ್ರನೆ ಇಳಿಯಬಾರದು, ಕೈ ಕುಲುಕಿದರೆ ಸ್ವಲ್ಪ ಇಳಿದು ನಿಲ್ಲಬೇಕು.

ಪೆಡಲ್ ಕಲಿಯುವುದು ಕಷ್ಟ ಅಂತಾರೆ, ನನಗೆ ಹಿಡಿದದ್ದು ಒಂದು ವಾರ. ಚಕ್ರವನ್ನು ಯಾವಾಗಲೂ ನಿಮ್ಮ ಕಡೆಗೆ ತಿರುಗುವ ಹಾಗೆ ಕೈಯಿಂದ ಶುರು ಮಾಡಿ, ಆಮೇಲೆ ಕಾಲು. ಹಿಂದಕ್ಕೆ ತಿರುಗಿದರೆ ದಾರ ಸಿಕ್ಕಾಗಿ ಕಡಿಯುತ್ತದೆ. ದಾರ ಹಾಕದೆ, ಹಳೇ ಸೂಜಿಯಲ್ಲಿ, ನ್ಯೂಸ್ ಪೇಪರ್ ಮೇಲೆ ಗೆರೆ ಹಿಡಿದು ಹೊಲಿಯಿರಿ. ಕಾಲಿಗೆ ಲಯ ತಾನಾಗಿ ಬರುತ್ತದೆ.

ಹೊಸ ಮೆಷಿನ್ ಬೇಡವೇ ಬೇಡ ಅಂತ ನಾನು ಹೇಳುವುದಿಲ್ಲ. ಈ ಹಳೇ ಕಪ್ಪು ಮೆಷಿನ್‌ಗಳಿಗೆ ಬರುವುದು ನೇರ ಹೊಲಿಗೆ ಒಂದೇ. ಜಿಗ್‌ಜಾಗ್ ಇಲ್ಲ, ಸೀರೆಗೆ ಪೀಕೋ ಆಗುವುದಿಲ್ಲ, ಹಿಗ್ಗುವ ಟೀಶರ್ಟ್ ಬಟ್ಟೆಗೆ ಒಗ್ಗುವುದಿಲ್ಲ. ನಿಮಗೆ ದಿನಾ ಅದೇ ಕೆಲಸ ಇದ್ದರೆ ಹೊಸದು ತಗೊಳ್ಳಿ, ಇದನ್ನೂ ಇಟ್ಟುಕೊಳ್ಳಿ. ಬ್ಲೌಸ್, ಲಂಗ, ದಿಂಬಿನ ಚೀಲ, ಹರಿದ ಸ್ಕೂಲ್ ಬ್ಯಾಗ್, ಹಳೇ ಸೀರೆಗಳ ಕೌದಿ, ಇದಕ್ಕೆಲ್ಲ ಇಂಥ ಗಟ್ಟಿ ಮೆಷಿನ್ ಇನ್ನೊಂದಿಲ್ಲ. ನಾನು ನಾಲ್ಕು ಮಡಿಕೆ ಜೀನ್ಸ್ ಹೊಲಿದಿದ್ದೇನೆ. ದಪ್ಪ ಬಂದಲ್ಲಿ ಕಾಲು ನಿಲ್ಲಿಸಿ ಚಕ್ರವನ್ನು ಕೈಯಲ್ಲೇ ತಿರುಗಿಸುತ್ತೇನೆ. ಆಷಾಢದ ಮಳೆಗೆ ನಮ್ಮಲ್ಲಿ ಎರಡೆರಡು ದಿನ ಕರೆಂಟ್ ಇರುವುದಿಲ್ಲ. ಆಗ ಕಿಟಕಿ ಪಕ್ಕ ಕೂತು ಹೊಲಿಯುತ್ತಿರುತ್ತೇನೆ.

ಸೈಡಿಗೆ ಮೋಟರ್ ಹಾಕಿಸಿ ಅಂತಲೂ ಹೇಳುತ್ತಾರೆ. ಕಲಿಯುವವರೆಗೆ ಬೇಡ. ಒಂದೊಂದೇ ಹೊಲಿಗೆ ಹಾಕಿ ನಿಲ್ಲಿಸುವ ಹಿಡಿತ ಕಾಲಿನಲ್ಲೇ ಚೆನ್ನಾಗಿ ಬರುತ್ತದೆ.

ಮಳೆಗಾಲದಲ್ಲಿ ಪ್ಲಾಸ್ಟಿಕ್ ಕವರ್ ಹೊದಿಸಬೇಡಿ, ಒಳಗೆ ಬೆವರಿ ತುಕ್ಕು ಹಿಡಿಯುತ್ತದೆ. ಹಳೇ ಕಾಟನ್ ಸೀರೆಯ ತುಂಡು ಸಾಕು. ಬಟ್ಟೆ ಒತ್ತಿ ಹಿಡಿಯುವ ಫುಟ್ ಕೆಳಗೆ ಒಂದು ಬಟ್ಟೆ ಚೂರು ಇಟ್ಟು ಇಳಿಸಿಡಿ, ತೊಟ್ಟಿಕ್ಕುವ ಎಣ್ಣೆ ಹೀರಿಕೊಳ್ಳುತ್ತದೆ. ಚರ್ಮದ ಬೆಲ್ಟ್ ಥಂಡಿಗೆ ಸಡಿಲಾದರೆ ಅರ್ಧ ಇಂಚು ಕತ್ತರಿಸಿ ಅದೇ ಕೊಂಡಿ ಹಾಕಿ. ವಾರಕ್ಕೆ ಒಮ್ಮೆಯಾದರೂ ಓಡಿಸಿ.

ಕಂಪನಿ ಯಾವುದು ಅಂತ ನೀವು ಬರೆದಿಲ್ಲ. ಉಷಾ ಆದರೆ ನಮ್ಮ ದೇಶದ್ದೇ, 1930ರ ದಶಕದಲ್ಲಿ ಕಲ್ಕತ್ತಾದಲ್ಲಿ ಶುರುವಾದದ್ದು. ಸಿಂಗರ್ ಆದರೆ ಬುಡದ ಹತ್ತಿರ ಒತ್ತಿದ ನಂಬರ್ ನೋಡಿ. ಇ (E) ಇಂದ ಶುರುವಾಗುವ ಎರಡು ಇಂಗ್ಲಿಷ್ ಅಕ್ಷರ ಇದ್ದರೆ ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕ್ ಕಾರ್ಖಾನೆಯಲ್ಲಿ 1935ರಿಂದ ಈಚೆಗೆ ಆದ ಮೆಷಿನ್. ಆ ಕಾರ್ಖಾನೆ 1980ರಲ್ಲಿ ಮುಚ್ಚಿತು.

ಶಿವಮೊಗ್ಗಕ್ಕೆ ತರುವಾಗ ತಲೆ, ಸ್ಟ್ಯಾಂಡ್ ಬೇರೆ ಮಾಡಿ. ಹಿಂದಿನ ಎರಡು ಕೀಲಿನ ತಿರುಪು ಸಡಿಲಿಸಿದರೆ ತಲೆ ಮೇಲೆ ಬರುತ್ತದೆ. ಹತ್ತು ಕೆಜಿಗೂ ಜಾಸ್ತಿ ಭಾರ, ಚಕ್ರ ಹಿಡಿದು ಎತ್ತಬೇಡಿ. ಬೀಡು ಕಬ್ಬಿಣದ ಸ್ಟ್ಯಾಂಡ್ ಬಿದ್ದರೆ ಬಿರುಕು ಬಿಡುತ್ತದೆ, ಇಬ್ಬರು ಹಿಡಿಯಿರಿ. ಹಲಗೆಯ ಅಡಿಗೆ ಗೆದ್ದಲು ಇದೆಯಾ ಅಂತ ಅಲ್ಲೇ ನೋಡಿಕೊಳ್ಳಿ. ಡ್ರಾಯರ್ ಖಾಲಿ ಮಾಡುವಾಗ ಏನನ್ನೂ ಎಸೆಯಬೇಡಿ. ಹಳೇ ಬಾಬಿನ್‌ಗಳು, ಸಣ್ಣ ಫುಟ್‌ಗಳು ಆ ಮೆಷಿನ್‌ಗೆ ಸರಿಯಾಗಿ ಕೂರುವಂಥವು ಅಲ್ಲೇ ಇರುತ್ತವೆ.